ಸೇನೆಯಿಂದ ಬಂದ ಇಂಜಿನಿಯರ್ ಲೋಕಸಭೆಗೆ ನಿಲ್ಲುವುದು ಹೇಗೆ?

2024ರಲ್ಲಿ ಒಬ್ಬ ನಿವೃತ್ತ ಲೆಫ್ಟಿನೆಂಟ್ ಕರ್ನಲ್ ಪಕ್ಷೇತರರಾಗಿ ಲೋಕಸಭೆಗೆ ನಿಂತಿದ್ದರು. ನಾನು ಅವರ ಎಲೆಕ್ಷನ್ ಏಜೆಂಟ್, ಅಂದರೆ ಅವರ ಪರವಾಗಿ ಚುನಾವಣೆಯ ಕಾಗದ, ಲೆಕ್ಕ ನೋಡಿಕೊಳ್ಳಲು ನೇಮಕವಾದವನು. ಅವರು ಸಿವಿಲ್ ಇಂಜಿನಿಯರ್, ಸೇನೆಯ ಇಂಜಿನಿಯರ್ಸ್ ಕೋರ್‌ನಲ್ಲಿ ಇಪ್ಪತ್ತು ವರ್ಷ ಸೇತುವೆ, ರಸ್ತೆ ಅಂತ ಓಡಾಡಿದವರು. ಸೋತೆವು. ಠೇವಣಿಯೂ ಹೋಯಿತು. ಆದರೆ ನಾಮಪತ್ರ ಒಂದೇ ಸಲಕ್ಕೆ ಅಂಗೀಕಾರ ಆಯಿತು, ಖರ್ಚಿನ ಲೆಕ್ಕದ ಬಗ್ಗೆ ಒಂದು ನೋಟಿಸೂ ಬರಲಿಲ್ಲ. ಮೊದಲ ಸಲ ನಿಂತ ಪಕ್ಷೇತರರಿಗೆ ಅದೇನು ಸಣ್ಣ ಮಾತಲ್ಲ.

ಅದಾದ ಮೇಲೆ ಮಾಜಿ ಸೈನಿಕರು ಫೋನ್ ಮಾಡುತ್ತಲೇ ಇರುತ್ತಾರೆ. "ಸರ್, ನಾನೂ ನಿಲ್ಲಬೇಕು ಅಂತಿದ್ದೀನಿ, ಎಲ್ಲಿಂದ ಶುರು ಮಾಡಲಿ?" ಅಂತ. ಹತ್ತರಲ್ಲಿ ಒಂಬತ್ತು ಜನ ಅಷ್ಟರಲ್ಲಾಗಲೇ ಪೋಸ್ಟರ್ ಡಿಸೈನ್ ಮಾಡಿಸಿರುತ್ತಾರೆ, ಆದರೆ ವೋಟರ್ ಲಿಸ್ಟಿನಲ್ಲಿ ತಮ್ಮ ಹೆಸರು ಎಲ್ಲಿದೆ ಅಂತ ನೋಡಿರುವುದಿಲ್ಲ. ಸೇನೆಯಿಂದ ಬಂದವರನ್ನು ಮೊದಲು ಬೀಳಿಸುವುದು ಅವರ ಸರ್ವಿಸ್ ಕಾಲದ ಹಳೆಯ ಕಾಗದಗಳೇ. ಹಾಗಾಗಿ ಈ ಬರಹದಲ್ಲಿ ಕಾಗದದ ಮಾತು ಜಾಸ್ತಿ, ಭಾಷಣದ ಮಾತು ಕಡಿಮೆ.

ಮೊದಲು: ಆ ಕೆಲಸ ನಿಮಗೆ ಬೇಕಾ?

ಇಂಜಿನಿಯರ್‌ಗಳು ಸಾಮಾನ್ಯವಾಗಿ "ನಾನು ಎಂಪಿ ಆದರೆ ಈ ರಸ್ತೆ ಸರಿ ಮಾಡಿಸ್ತೀನಿ" ಅಂತ ಶುರು ಮಾಡುತ್ತಾರೆ. ಊರಿನ ಚರಂಡಿ ಪಂಚಾಯಿತಿಯದ್ದು, ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದ್ದು. ಸಂಸದರ ಕೈಯಲ್ಲಿ ನೇರವಾಗಿ ಇರುವುದು ಸಂಸದರ ನಿಧಿ, ವರ್ಷಕ್ಕೆ 5 ಕೋಟಿ ರೂಪಾಯಿ. ಅದನ್ನೂ ಅವರು ಖರ್ಚು ಮಾಡುವುದಿಲ್ಲ, ಶಿಫಾರಸು ಮಾಡುತ್ತಾರೆ ಅಷ್ಟೇ. ಮಂಜೂರು ಮಾಡಿ ಕೆಲಸ ಮಾಡಿಸುವುದು ಜಿಲ್ಲಾಡಳಿತ. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಸಿಗುವುದು 60 ಲಕ್ಷ ಚಿಲ್ಲರೆ. ಒಂದು ಒಳ್ಳೆಯ ಸೇತುವೆಗೂ ಸಾಲದು.

ಇಂಜಿನಿಯರ್ ತಲೆ ನಿಜವಾಗಿ ಕೆಲಸಕ್ಕೆ ಬರುವ ಜಾಗಗಳು ಬೇರೆ. ಸಂಸತ್ತಿನ ಸ್ಥಾಯಿ ಸಮಿತಿಗಳಲ್ಲಿ ಇಲಾಖೆಯ ಲೆಕ್ಕವನ್ನು ಸಾಲು ಸಾಲಾಗಿ ಓದಿ ಪ್ರಶ್ನೆ ಕೇಳಬಹುದು. ಜಿಲ್ಲೆಯಲ್ಲಿ 'ದಿಶಾ' ಸಮಿತಿ ಅಂತ ಇದೆ, ಕೇಂದ್ರದ ಯೋಜನೆಗಳು ಹೇಗೆ ನಡೆಯುತ್ತಿವೆ ಅಂತ ನೋಡುವುದು ಅದರ ಕೆಲಸ, ಅಧ್ಯಕ್ಷರು ಸಂಸದರೇ. ಅಲ್ಲಿ ಕುಳಿತು ಜಲ ಜೀವನ ಯೋಜನೆಯ ಕುಡಿಯುವ ನೀರಿನ ಪೈಪ್ ಎಷ್ಟು ಆಳದಲ್ಲಿ ಹೂತಿದ್ದೀರಿ ಅಂತ ಕೇಳುವವರು ಬೇಕು.

ಮೇಜರ್ ಜನರಲ್ ಬಿ.ಸಿ. ಖಂಡೂರಿ ಅವರ ದಾರಿ ನೋಡಿ. ಸೇನೆಯ ಇಂಜಿನಿಯರ್ಸ್ ಕೋರ್‌ನವರು. 1991ರಲ್ಲಿ ಗಢವಾಲ್‌ನಿಂದ ಲೋಕಸಭೆಗೆ ಗೆದ್ದರು, 1996ರಲ್ಲಿ ಸೋತರು, 1998ರಲ್ಲಿ ಮತ್ತೆ ಗೆದ್ದರು. ವಾಜಪೇಯಿ ಸರ್ಕಾರದಲ್ಲಿ ಹೆದ್ದಾರಿ ಖಾತೆ ನೋಡಿಕೊಂಡರು, ನಾಲ್ಕು ಮಹಾನಗರಗಳನ್ನು ಜೋಡಿಸುವ ಸುವರ್ಣ ಚತುಷ್ಪಥ ಹೆದ್ದಾರಿಯ ಕೆಲಸ ಓಡಿದ್ದು ಆಗಲೇ. ಆಮೇಲೆ ಉತ್ತರಾಖಂಡದ ಮುಖ್ಯಮಂತ್ರಿಯೂ ಆದರು. ನನಗೆ ಇಷ್ಟವಾಗುವ ಭಾಗ ಮಾತ್ರ 2018ರದ್ದು. ಅವರು ಅಧ್ಯಕ್ಷರಾಗಿದ್ದ ರಕ್ಷಣಾ ಸ್ಥಾಯಿ ಸಮಿತಿಯ ವರದಿ, ಸೇನೆಯ ಸಲಕರಣೆಯಲ್ಲಿ ಸುಮಾರು 68 ಶೇಕಡಾ ಹಳೆಯ ಕಾಲದ್ದು ಅಂತ ಎಲ್ಲರ ಮುಂದಿಟ್ಟಿತು. ಆಗ ಅಧಿಕಾರದಲ್ಲಿದ್ದದ್ದು ಅವರದೇ ಪಕ್ಷ! ಆ ವರ್ಷವೇ ಸಮಿತಿಯ ಅಧ್ಯಕ್ಷ ಸ್ಥಾನ ಅವರ ಕೈ ಬಿಟ್ಟಿತು. ಇದಕ್ಕೆ ತಯಾರಿದ್ದರೆ ಮುಂದೆ ಓದಿ.

ಅರ್ಹತೆ: ನಿಮಗಿರುವ ನಾಲ್ಕು ಗುಂಡಿಗಳು

ಭಾರತದ ಪ್ರಜೆ ಆಗಿರಬೇಕು, 25 ವರ್ಷ ತುಂಬಿರಬೇಕು, ದೇಶದ ಯಾವುದಾದರೂ ಒಂದು ಲೋಕಸಭಾ ಕ್ಷೇತ್ರದಲ್ಲಿ ಮತದಾರ ಆಗಿರಬೇಕು. ಇಷ್ಟು ಎಲ್ಲರಿಗೂ ಗೊತ್ತು. ಸೇನೆಯಿಂದ ಬಂದ ಇಂಜಿನಿಯರ್‌ಗೆ ಬೇರೆ ಗುಂಡಿಗಳಿವೆ.

ಮೊದಲನೆಯದು, ಸರ್ವಿಸ್‌ನಲ್ಲಿ ಇರುವಾಗ ರಾಜಕೀಯ ಮಾಡುವ ಹಾಗಿಲ್ಲ, ಪಕ್ಷದ ಸದಸ್ಯತ್ವವೂ ಇಲ್ಲ. ಆದರೆ ಬಿಡುಗಡೆ ಆದ ಮೇಲೆ ಚುನಾವಣೆಗೆ ಇಷ್ಟು ವರ್ಷ ಕಾಯಬೇಕು ಅಂತ ನಿಯಮ ಇಲ್ಲ. ರಜೆಯಲ್ಲಿದ್ದೇನೆ, ಕಾಗದ ಇನ್ನೇನು ಬರುತ್ತದೆ ಅನ್ನುವ ಲೆಕ್ಕ ನಡೆಯುವುದಿಲ್ಲ. ಬಿಡುಗಡೆ ಆದೇಶ ಕೈಯಲ್ಲಿರಬೇಕು.

ಎರಡನೆಯದು ನಿವೃತ್ತಿಯ ನಂತರದ ಕೆಲಸ. ಸರ್ಕಾರದ ಅಡಿ ಸಂಬಳ, ಸವಲತ್ತು ಸಿಗುವ 'ಲಾಭದಾಯಕ ಹುದ್ದೆ'ಯಲ್ಲಿ ಇರುವವರು ನಿಲ್ಲುವಂತಿಲ್ಲ. ಪಿಂಚಣಿ ಲಾಭದಾಯಕ ಹುದ್ದೆ ಅಲ್ಲ, ಆ ಭಯ ಬೇಡ. ಆದರೆ ಮಾಜಿ ಸೈನಿಕರ ಕೋಟಾದಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿದವರು, ಸರ್ಕಾರಿ ಬ್ಯಾಂಕಿನಲ್ಲೋ ಸಾರ್ವಜನಿಕ ಉದ್ದಿಮೆಯಲ್ಲೋ ಇರುವವರು ಮೊದಲೇ ರಾಜೀನಾಮೆ ಕೊಡಬೇಕು. ಕೊಟ್ಟರೆ ಸಾಲದು, ಅದು ಅಂಗೀಕಾರ ಆಗಿರಬೇಕು. ನೀವು ಅರ್ಹರೋ ಅಲ್ಲವೋ ಅಂತ ಅಳೆಯುವುದು ನಾಮಪತ್ರ ಪರಿಶೀಲನೆಯ ದಿನ. ಆ ದಿನ ಅಂಗೀಕಾರದ ಪತ್ರ ಬಂದಿರದಿದ್ದರೆ ಅಲ್ಲಿಗೆ ಮುಗಿಯಿತು.

ಮೂರನೆಯದನ್ನು ಇಂಜಿನಿಯರ್‌ಗಳು ಎರಡು ಸಲ ಓದಿ. 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 9ಎ ಕಲಂ ಪ್ರಕಾರ, ಕೇಂದ್ರ ಸರ್ಕಾರಕ್ಕೆ ಸಾಮಾನು ಪೂರೈಸುವ ಅಥವಾ ಅದರ ಕಾಮಗಾರಿ ಮಾಡುವ ಗುತ್ತಿಗೆ ನಿಮ್ಮ ಹೆಸರಲ್ಲಿ ಚಾಲ್ತಿಯಲ್ಲಿದ್ದರೆ ಲೋಕಸಭೆಗೆ ನಿಲ್ಲುವಂತಿಲ್ಲ. ನಿವೃತ್ತರಾದ ಎಷ್ಟೋ ಮಂದಿ ಎಂಇಎಸ್ ಕಾಮಗಾರಿ ಹಿಡಿಯುತ್ತಾರೆ, ಅಲ್ವಾ? ಮಿಲಿಟರಿ ಇಂಜಿನಿಯರ್ ಸರ್ವಿಸಸ್ ಅಂದರೆ ಕೇಂದ್ರವೇ. ನಿಮ್ಮ ಕಡೆಯ ಕೆಲಸ ಪೂರ್ತಿ ಮುಗಿದು, ಬಿಲ್ ಬರುವುದು ಮಾತ್ರ ಬಾಕಿ ಇದ್ದರೆ ಅದನ್ನು ಚಾಲ್ತಿ ಗುತ್ತಿಗೆ ಅಂತ ಹಿಡಿಯುವುದಿಲ್ಲ. ದೋಷ ದುರಸ್ತಿಯ ಹೊಣೆ ಇನ್ನೂ ನಿಮ್ಮ ಮೇಲಿದ್ದರೆ ವಕೀಲರಿಗೆ ಒಪ್ಪಂದ ತೋರಿಸಿ, ನೀವೇ ಅರ್ಥ ಮಾಡಿಕೊಳ್ಳಲು ಹೋಗಬೇಡಿ. ರಾಜ್ಯ ಸರ್ಕಾರದ ಗುತ್ತಿಗೆ ಲೋಕಸಭೆಗೆ ಅಡ್ಡಿಯಲ್ಲ, ಆದರೆ ನಾಮಪತ್ರದ ಜೊತೆ ಕೊಡುವ ಅಫಿಡವಿಟ್‌ನಲ್ಲಿ ಅದನ್ನೂ ಬರೆಯಬೇಕು.

ನಾಲ್ಕನೆಯದು ವಜಾ. ಭ್ರಷ್ಟಾಚಾರಕ್ಕೋ ದೇಶದ್ರೋಹಕ್ಕೋ ಸರ್ಕಾರಿ ಸೇವೆಯಿಂದ ವಜಾ ಆದವರು 5 ವರ್ಷ ಅನರ್ಹರು. ಬೇರೆ ಕಾರಣಕ್ಕೆ ವಜಾ ಆಗಿದ್ದು 5 ವರ್ಷ ಕಳೆದಿಲ್ಲ ಅಂದರೆ, "ಈ ಎರಡು ಕಾರಣಕ್ಕೆ ವಜಾ ಆಗಿಲ್ಲ" ಅನ್ನುವ ಪತ್ರವನ್ನು ಚುನಾವಣಾ ಆಯೋಗದಿಂದಲೇ ತಂದು ನಾಮಪತ್ರದ ಜೊತೆ ಇಡಬೇಕು. 2019ರಲ್ಲಿ ವಾರಾಣಸಿಯಲ್ಲಿ ಬಿಎಸ್‌ಎಫ್‌ನಿಂದ ವಜಾ ಆಗಿದ್ದ ತೇಜ್ ಬಹಾದೂರ್ ಯಾದವ್ ಅವರ ನಾಮಪತ್ರ ತಿರಸ್ಕೃತವಾಗಿದ್ದು ಈ ಒಂದು ಪತ್ರ ಇಲ್ಲದ್ದಕ್ಕೆ. ಸುಪ್ರೀಂ ಕೋರ್ಟ್‌ವರೆಗೂ ಹೋದರು, 2020ರಲ್ಲಿ ಅಲ್ಲೂ ಅರ್ಜಿ ವಜಾ ಆಯಿತು.

ವೋಟರ್ ಲಿಸ್ಟ್

ಸರ್ವಿಸ್‌ನಲ್ಲಿದ್ದಾಗ ನೀವು ಸೇವಾ ಮತದಾರರು, ಹೆಸರು ಬೇರೆಯೇ ಪಟ್ಟಿಯಲ್ಲಿ ಇರುತ್ತದೆ. ನಿವೃತ್ತಿ ಆದ ಮೇಲೆ ಅದು ತಾನಾಗಿ ಸಾಮಾನ್ಯ ಪಟ್ಟಿಗೆ ಬರುವುದಿಲ್ಲ. ನೀವೇ ನಮೂನೆ 6 ತುಂಬಿ ಸೇರಿಸಬೇಕು. ಮನೆಯವರ ಹೆಸರನ್ನೂ ಆಗಲೇ ನೋಡಿ. ಕೊನೆಯ ತಿಂಗಳಿಗೆ ಇಟ್ಟುಕೊಳ್ಳಬೇಡಿ, ಒಂದು ವರ್ಷ ಮೊದಲೇ ಮುಗಿಸಿ. ನಿಲ್ಲುವ ಕ್ಷೇತ್ರದಲ್ಲೇ ಮತದಾರ ಆಗಿರಬೇಕು ಅಂತೇನಿಲ್ಲ. ಬೇರೆ ಕಡೆ ಇದ್ದರೆ ಅಲ್ಲಿನ ಪಟ್ಟಿಯ ದೃಢೀಕೃತ ಪ್ರತಿ ತರಬೇಕು. ಆದರೆ ತನಗೆ ತಾನೇ ವೋಟು ಹಾಕಿಕೊಳ್ಳಲಾಗದ ಅಭ್ಯರ್ಥಿಯನ್ನು ಎದುರಾಳಿಗಳು ಸುಮ್ನೆ ಬಿಡ್ತಾರಾ?

ಪಕ್ಷವೋ, ಪಕ್ಷೇತರವೋ

ಇಲ್ಲಿ ನನ್ನ ಅಭಿಪ್ರಾಯ ಕಹಿ. ಗೆಲ್ಲಲೇಬೇಕು ಅಂದರೆ ಪಕ್ಷ ಬೇಕು. 2024ರಲ್ಲಿ ದಕ್ಷಿಣ ಕನ್ನಡದಿಂದ ಗೆದ್ದ ಕ್ಯಾಪ್ಟನ್ ಬ್ರಿಜೇಶ್ ಚೌಟ ಗೂರ್ಖಾ ರೈಫಲ್ಸ್‌ನಲ್ಲಿ ಇದ್ದವರು, ಆದರೆ ಟಿಕೆಟ್ ಸಿಗುವ ಮೊದಲು ಪಕ್ಷದ ಒಳಗೆ ವರ್ಷಗಟ್ಟಲೆ ಕೆಲಸ ಮಾಡಿದ್ದರು. ಅತ್ತ ಕ್ಯಾಪ್ಟನ್ ಗೋಪಿನಾಥ್, ಇಡೀ ದೇಶಕ್ಕೆ ಕಡಿಮೆ ದರದ ವಿಮಾನ ಹತ್ತಿಸಿದವರು, 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ನಿಂತು ಸೋತರು. ಹೆಸರು, ರ‍್ಯಾಂಕ್, ಸಾಧನೆ ಎಲ್ಲ ಇತ್ತು. ಬೂತಿನಲ್ಲಿ ಜನ ಇರಲಿಲ್ಲ ಅಂತ ನನ್ನ ಅನಿಸಿಕೆ.

ಪಕ್ಷದಿಂದ ನಿಂತರೆ, ಇವರೇ ನಮ್ಮ ಅಭ್ಯರ್ಥಿ ಅಂತ ಪಕ್ಷ ಬರೆದುಕೊಡುವ ಎ ಮತ್ತು ಬಿ ಫಾರಂ ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ತಲುಪಬೇಕು. ಬಿ ಫಾರಂ ಕೈಗೆ ಬರುವವರೆಗೆ ಟಿಕೆಟ್ ನಿಮ್ಮದಲ್ಲ. ಸೇನೆಯಲ್ಲಿ ಪೋಸ್ಟಿಂಗ್ ಆರ್ಡರ್ ಬಂದ ಮೇಲೆ ಬದಲಾಗುವುದು ಅಪರೂಪ, ಇಲ್ಲಿ ರಾತ್ರಿ ಇದ್ದ ಹೆಸರು ಬೆಳಗ್ಗೆ ಇರುವುದಿಲ್ಲ.

ಪಕ್ಷೇತರರಾದರೆ ಬ್ಯಾಲೆಟ್‌ನಲ್ಲಿ ಪಕ್ಷದವರೆಲ್ಲ ಮುಗಿದ ಮೇಲೆ ನಿಮ್ಮ ಹೆಸರು. ಹೆಸರಿನ ಮುಂದೆ 'ಕರ್ನಲ್' ಅಂತ ಹಾಕಿಸಿಕೊಂಡರೆ ಅಕ್ಷರಮಾಲೆಯಲ್ಲಿ 'ಕ'ಗೆ ಹತ್ತಿ ಮೇಲೆ ಹೋಗಬಹುದು ಅಂತ ನಮ್ಮವರೊಬ್ಬರು ಪ್ಲಾನ್ ಹಾಕಿದ್ದರು. ಆಗುವುದಿಲ್ಲ, ಕ್ರಮ ಹಾಕುವಾಗ ಬಿರುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬಾಕಿ ಇಲ್ಲ ಪತ್ರ: ಇದೊಂದಕ್ಕೇ ಆರು ತಿಂಗಳು ಇಡಿ

ನಾಮಪತ್ರದ ಜೊತೆ ನಮೂನೆ 26ರ ಅಫಿಡವಿಟ್ ಕೊಡಬೇಕು. ಅದರಲ್ಲಿ ಒಂದು ಪ್ರಶ್ನೆ ಇದೆ: ಕಳೆದ 10 ವರ್ಷದಲ್ಲಿ ಸರ್ಕಾರ ಕೊಟ್ಟ ಮನೆಯಲ್ಲಿ ವಾಸ ಇದ್ದಿರಾ? ಇದ್ದರೆ ಬಾಡಿಗೆ, ಕರೆಂಟು, ನೀರು, ಫೋನು, ಈ ನಾಲ್ಕಕ್ಕೂ ಬಾಕಿ ಇಲ್ಲ ಅನ್ನುವ ಪತ್ರ ತರಬೇಕು.

ಸಾಮಾನ್ಯ ಅಭ್ಯರ್ಥಿಗೆ ಇದು 'ಅನ್ವಯಿಸುವುದಿಲ್ಲ' ಅಂತ ಬರೆದು ಮುಂದೆ ಹೋಗುವ ಕಾಲಂ. ನಿಮಗೆ? ಹತ್ತು ವರ್ಷದಲ್ಲಿ ಮೂರೋ ನಾಲ್ಕೋ ಸ್ಟೇಷನ್, ಒಂದೊಂದರಲ್ಲೂ ಕ್ವಾರ್ಟರ್ಸ್. ನಮ್ಮ ಕರ್ನಲ್‌ಗೆ ಮೂರು ಊರಿನ ಕಾಗದ ಬೇಕಾಯಿತು. ಎರಡು ಬೇಗ ಬಂದವು. ಮೂರನೆಯ ಕಡೆ, ಅವರು ಮನೆ ಬಿಟ್ಟ ಮೇಲೆ ಬಂದ ನೀರಿನ ಬಿಲ್ 412 ರೂಪಾಯಿ ಅವರ ಹೆಸರಲ್ಲೇ ನಿಂತಿತ್ತು. ಆ ದುಡ್ಡು ಕಟ್ಟಿ ಪತ್ರ ತರಿಸಿಕೊಳ್ಳಲು ಐದು ವಾರ ಹಿಡಿಯಿತು. ಗುಮಾಸ್ತರ ತಪ್ಪೇನೂ ಇಲ್ಲ, ಅವರ ಕಡತದಲ್ಲಿ ಇವರು ಇನ್ನೂ ಆ ಮನೆಯಲ್ಲೇ ಇದ್ದರು.

ಇದು ಸಣ್ಣದು ಅನ್ನಿಸಿದರೆ 2024ರ ಬೀರ್‌ಭೂಮ್ ನೆನಪಿಟ್ಟುಕೊಳ್ಳಿ. ಅಲ್ಲಿ ಒಂದು ದೊಡ್ಡ ರಾಷ್ಟ್ರೀಯ ಪಕ್ಷದ ಅಭ್ಯರ್ಥಿ, ಮಾಜಿ ಐಪಿಎಸ್ ಅಧಿಕಾರಿ, ಬಾಕಿ ಇಲ್ಲ ಪತ್ರ ಕೊಡದ್ದಕ್ಕೆ ಅವರ ನಾಮಪತ್ರವೇ ತಿರಸ್ಕೃತ ಆಯಿತು. ಪಕ್ಷ ಬೇರೆಯವರನ್ನು ನಿಲ್ಲಿಸಬೇಕಾಯಿತು. ಪಕ್ಷೇತರರಿಗೆ ಆ ಬದಲಿ ಆಟಗಾರನೂ ಇರುವುದಿಲ್ಲ.

ಇನ್ನು ಅಫಿಡವಿಟ್ ತುಂಬುವುದು. ಯಾವ ಕಾಲಂ ಕೂಡ ಖಾಲಿ ಬಿಡಬೇಡಿ. ಇಲ್ಲದಿದ್ದರೆ 'ಇಲ್ಲ' ಅಂತ, ಸಂಬಂಧ ಇಲ್ಲದಿದ್ದರೆ 'ಅನ್ವಯಿಸುವುದಿಲ್ಲ' ಅಂತ ಬರೆಯಿರಿ. ಗೆರೆ ಎಳೆಯುವುದು ಬೇಡ. ನಿಮ್ಮದು, ಹೆಂಡತಿ ಅಥವಾ ಗಂಡನದು, ಅವಲಂಬಿತರದು, 5 ವರ್ಷದ ಆದಾಯ ತೆರಿಗೆ ವಿವರ ಬೇಕು. ಮಿಲಿಟರಿ ಸ್ಟೇಷನ್‌ನಲ್ಲಿ ತೆರೆದ ಹಳೆಯ ಬ್ಯಾಂಕ್ ಖಾತೆಗಳನ್ನು ಮರೆತಿರುತ್ತೀರಿ, ಅವನ್ನು ಹುಡುಕಿ. ಬ್ಯಾಲೆನ್ಸ್ 38 ರೂಪಾಯಿ ಇದ್ದರೂ ಬರೆಯಿರಿ. ಸುಳ್ಳು ಬರೆದರೆ ಆರು ತಿಂಗಳವರೆಗೆ ಜೈಲು ಇದೆ, ಕಾಯ್ದೆಯ 125ಎ ಕಲಂ.

ಓದಿನ ಕಾಲಂನಲ್ಲಿ ಸೇನೆಯವರು ಎಡವುತ್ತಾರೆ. ಪುಣೆಯ ಕಾಲೇಜ್ ಆಫ್ ಮಿಲಿಟರಿ ಇಂಜಿನಿಯರಿಂಗ್‌ನಲ್ಲಿ ಬಿ.ಟೆಕ್ ಮಾಡಿದ್ದರೆ ಪದವಿ ಕೊಟ್ಟಿರುವುದು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ. ಪ್ರಮಾಣಪತ್ರದಲ್ಲಿ ಇರುವ ಹಾಗೇ ಬರೆಯಿರಿ. ಸೇವೆಯ ಆಧಾರದ ಮೇಲೆ ಸಿಕ್ಕ ತತ್ಸಮಾನ ಪ್ರಮಾಣಪತ್ರ ಇದ್ದರೆ 'ತತ್ಸಮಾನ' ಅಂತಲೇ ಬರೆಯಿರಿ. ಹಲಸೂರಿನ ಮದ್ರಾಸ್ ಇಂಜಿನಿಯರ್ ಗ್ರೂಪ್‌ನಲ್ಲಿ ಇದ್ದೆ ಅನ್ನುವುದು ದೊಡ್ಡ ಹೆಮ್ಮೆ, ಆದರೆ ಅಲ್ಲಿದ್ದ ಮಾತ್ರಕ್ಕೆ ಹೆಸರಿನ ಮುಂದೆ 'ಇಂಜಿನಿಯರ್' ಅಂತ ಬರುವುದಿಲ್ಲ. ಎದುರಾಳಿಯ ವಕೀಲರು ಮೊದಲು ಹುಡುಕುವುದು ಇದನ್ನೇ.

ನಾಮಪತ್ರದ ವಾರ

ಚುನಾವಣೆಯ ಅಧಿಸೂಚನೆ ಹೊರಟ ದಿನದಿಂದ ಏಳನೇ ದಿನ ನಾಮಪತ್ರಕ್ಕೆ ಕೊನೆ. ಮರುದಿನ ಪರಿಶೀಲನೆ. ಅದಾದ ಎರಡು ದಿನಕ್ಕೆ ವಾಪಸ್ ಪಡೆಯುವ ಗಡುವು, ನಡುವೆ ರಜೆ ಬಂದರೆ ಮುಂದಕ್ಕೆ ಹೋಗುತ್ತದೆ. 2024ರಲ್ಲಿ ರಾಜ್ಯದ ಮೊದಲ 14 ಕ್ಷೇತ್ರಗಳಿಗೆ ಮಾರ್ಚ್ 28ಕ್ಕೆ ಅಧಿಸೂಚನೆ, ಏಪ್ರಿಲ್ 4 ಕೊನೆ ದಿನ, 5ಕ್ಕೆ ಪರಿಶೀಲನೆ, 8ಕ್ಕೆ ವಾಪಸ್, 26ಕ್ಕೆ ಮತದಾನ. ಚಿಹ್ನೆ ಕೈಗೆ ಬಂದ ಮೇಲೆ ಪಕ್ಷೇತರರಿಗೆ ಪ್ರಚಾರಕ್ಕೆ ಉಳಿದದ್ದು ಬರೀ 16 ದಿನ. ಅದಕ್ಕೇ ಮೊದಲೇ ಶುರು ಮಾಡಿ ಅಂತ ಇಷ್ಟು ಬಡಿದುಕೊಳ್ಳುತ್ತಿರುವುದು.

ನಾಮಪತ್ರ ತೆಗೆದುಕೊಳ್ಳುವುದು ಬೆಳಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ. ಲೋಕಸಭೆಗೆ ನಮೂನೆ 2ಎ. ಮಾನ್ಯತೆ ಪಡೆದ ಪಕ್ಷದವರಿಗೆ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಸೂಚಕ ಒಬ್ಬರಿದ್ದರೆ ಸಾಕು, ಪಕ್ಷೇತರರಿಗೆ 10 ಜನ ಬೇಕು, ಹತ್ತೂ ಜನ ಅದೇ ಲೋಕಸಭಾ ಕ್ಷೇತ್ರದ ಮತದಾರರೇ ಆಗಿರಬೇಕು. ಪಕ್ಕದ ತಾಲ್ಲೂಕಿನ ಹಳೇ ರೆಜಿಮೆಂಟ್ ಗೆಳೆಯ ಬೇರೆ ಕ್ಷೇತ್ರಕ್ಕೆ ಸೇರಿರಬಹುದು, ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಕಣ್ಣಾರೆ ನೋಡಿ ಬರೆಯಿರಿ. ಒಬ್ಬರು ನಾಲ್ಕು ಸೆಟ್‌ವರೆಗೆ ಕೊಡಬಹುದು. ನಾವು ಮೂರು ಕೊಟ್ಟೆವು, ಒಂದೊಂದಕ್ಕೂ ಬೇರೆ ಬೇರೆ ಹತ್ತು ಜನ. ಒಬ್ಬನ ಸಹಿ ತಕರಾರಾದರೂ ಇನ್ನೆರಡು ಉಳಿಯುತ್ತವೆ. ಇಂಜಿನಿಯರ್‌ಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಠೇವಣಿ 25,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 12,500. ಚುನಾವಣಾಧಿಕಾರಿಯ ಕೊಠಡಿಗೆ ಅಭ್ಯರ್ಥಿ ಸೇರಿ ಐದೇ ಜನ. ಪಕ್ಷೇತರರು ಮುಕ್ತ ಚಿಹ್ನೆಗಳಲ್ಲಿ ಮೂರನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು. ಹಳ್ಳಿಯ ಅಜ್ಜಿ ಒಂದೇ ಪದದಲ್ಲಿ ಹೇಳಬಲ್ಲ ವಸ್ತು ಆರಿಸಿ.

ತುಂಬಾ ಜನ ಮರೆಯುವುದು ಪ್ರಮಾಣವಚನ. ನಾಮಪತ್ರ ಕೊಟ್ಟ ಮೇಲೆ, ಪರಿಶೀಲನೆಯ ಹಿಂದಿನ ದಿನದೊಳಗೆ, ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಓದಿ ಸಹಿ ಹಾಕಬೇಕು. "ಸೇನೆಗೆ ಸೇರುವಾಗಲೇ ಮಾಡಿದ್ದೀನಲ್ಲ" ಅಂದರು ನಮ್ಮ ಕರ್ನಲ್. ಇಲ್ಲಿ ಮತ್ತೆ ಮಾಡಬೇಕು ಸರ್, ಅಂದೆ.

ಕ್ರಿಮಿನಲ್ ಪ್ರಕರಣ ಇದ್ದರೆ ಪತ್ರಿಕೆ ಮತ್ತು ಟಿವಿಯಲ್ಲಿ ಮೂರು ಸಲ ಪ್ರಕಟಿಸಬೇಕು, ಖರ್ಚು ನಿಮ್ಮದೇ. ಹಳೇ ಪ್ರತಿಭಟನೆಯ ಕೇಸು ಏನಾದರೂ ಇದೆಯಾ ಅಂತ ಠಾಣೆಯಲ್ಲಿ ಮೊದಲೇ ವಿಚಾರಿಸಿ.

ದುಡ್ಡು

ನಮ್ಮ ರಾಜ್ಯದಲ್ಲಿ ಲೋಕಸಭಾ ಅಭ್ಯರ್ಥಿಯ ಖರ್ಚಿನ ಮಿತಿ 95 ಲಕ್ಷ ರೂಪಾಯಿ. ಕೇಳಲು ಜಾಸ್ತಿ ಅನ್ನಿಸುತ್ತದೆ. ಭಾಗಿಸಿ ನೋಡಿ: 17 ಲಕ್ಷ ಮತದಾರರಿರುವ ಕ್ಷೇತ್ರ ಅಂದುಕೊಂಡರೆ ತಲೆಗೆ ಐದೂವರೆ ರೂಪಾಯಿ. 1,800 ಬೂತು ಅಂದರೆ ಬೂತಿಗೆ ಸುಮಾರು 5,277. ಅಷ್ಟೂ ನಿಮ್ಮ ಹತ್ತಿರ ಇದೆ ಅಂತಾದರೆ. ನಮ್ಮ ಹತ್ತಿರ ಅದರ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ.

ನಾಮಪತ್ರಕ್ಕೆ ಒಂದು ದಿನ ಮೊದಲಾದರೂ ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಒಬ್ಬರಿಗೆ ನಗದಿನಲ್ಲಿ 10,000ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಲೆಕ್ಕದ ಪುಸ್ತಕದಲ್ಲಿ ಬಿಳಿ, ಗುಲಾಬಿ, ಹಳದಿ ಹಾಳೆಗಳು: ದಿನದ ಖರ್ಚು, ನಗದು, ಬ್ಯಾಂಕು. ಪ್ರಚಾರದ ನಡುವೆ ಚುನಾವಣಾ ಆಯೋಗದ ಖರ್ಚು ವೀಕ್ಷಕರು ಕರೆದು ಮೂರು ಸಲವಾದರೂ ನೋಡುತ್ತಾರೆ. ಅವರ ಹತ್ತಿರವೂ ನಿಮ್ಮದೇ ಒಂದು ನೆರಳು ಲೆಕ್ಕ ಇರುತ್ತದೆ, ನೀವು ಬರೆಯದ ಶಾಮಿಯಾನ ಅದರಲ್ಲಿ ಇರುತ್ತದೆ. ಮೊದಲೇ ಪ್ರಿಂಟ್ ಮಾಡಿಸಿದ ಕರಪತ್ರವನ್ನು ನಾಮಪತ್ರದ ನಂತರ ಹಂಚಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು.

ಇಂಜಿನಿಯರಿಂಗ್ ಕಾಲೇಜಿನ ಗೆಳೆಯರು ಅಮೆರಿಕದಿಂದ "ನಾವು ಕಳಿಸ್ತೀವಿ ಮಗಾ" ಅಂತಾರೆ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ ಒಂದು ಪೈಸೆಯೂ ಬೇಡ, ಅಭ್ಯರ್ಥಿ ವಿದೇಶಿ ದೇಣಿಗೆ ಪಡೆಯುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಇನ್ನೂ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡಬಹುದು.

ಯೂನಿಫಾರಂ ಪೆಟ್ಟಿಗೆಯಲ್ಲೇ ಇರಲಿ

'ನಿವೃತ್ತ' ಅಂತ ಸೇರಿಸಿ ರ‍್ಯಾಂಕ್ ಬಳಸಬಹುದು. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ನಿಲ್ಲಿಸಿದಾಗಲೂ ಸೇನೆಯ ಮತ್ತು ಓದಿನ ಗೌರವವನ್ನು ಹೊರಗಿಟ್ಟಿದೆ. ಆದರೆ ಯೂನಿಫಾರಂ ಹಾಕಿದ ಫೋಟೊ, ಸೈನಿಕರ ಚಿತ್ರ, ಕಾರ್ಯಾಚರಣೆಯ ಹೆಸರು ಪೋಸ್ಟರ್ ಮೇಲೆ ಬೇಡ. ರಕ್ಷಣಾ ಸಿಬ್ಬಂದಿಯ ಫೋಟೊ ಪ್ರಚಾರಕ್ಕೆ ಬಳಸಬೇಡಿ ಅಂತ ಚುನಾವಣಾ ಆಯೋಗ 2013ರಲ್ಲೇ ಪಕ್ಷಗಳಿಗೆ ಹೇಳಿದೆ, 2019ರ ಮಾರ್ಚ್‌ನಲ್ಲಿ ಮತ್ತೆ ಹೇಳಿತು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕಾಯ್ದೆಯ 123(7) ಪ್ರಕಾರ, ಗೆಲುವಿಗಾಗಿ ಸರ್ಕಾರಿ ಸೇವೆಯಲ್ಲಿರುವ ಕೆಲವು ವರ್ಗದವರ ಸಹಾಯ ಪಡೆಯುವುದು ಭ್ರಷ್ಟ ಆಚರಣೆ, ಆ ಪಟ್ಟಿಯಲ್ಲಿ ಸಶಸ್ತ್ರ ಪಡೆಯವರು ಸೇರಿದ್ದಾರೆ. ಅಂದರೆ ಸರ್ವಿಸ್‌ನಲ್ಲಿರುವ ನಿಮ್ಮ ಹಳೆಯ ಸುಬೇದಾರ್ ನಿಮಗೆ ವೋಟು ಹಾಕಬಹುದು, ಆದರೆ ರಜೆಯಲ್ಲಿ ಬಂದು ನಿಮ್ಮ ಪರ ಮನೆ ಮನೆ ತಿರುಗುವಂತಿಲ್ಲ. ಗೆದ್ದರೂ ಆ ಗೆಲುವು ಕೋರ್ಟಿನಲ್ಲಿ ರದ್ದಾಗಬಹುದು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಸರ್ವಿಸ್‌ನವರು ಇದ್ದರೆ ಪ್ರಚಾರದ ಗ್ರೂಪ್ ಬೇರೆ ಮಾಡಿ. ಹೆಂಡತಿ ಸರ್ಕಾರಿ ಶಾಲೆಯ ಟೀಚರ್ ಆಗಿದ್ದರೆ ಅವರು ನಿಮ್ಮ ಏಜೆಂಟ್ ಆಗುವಂತಿಲ್ಲ. ಸೇನೆಯ ಕ್ಯಾಂಟೀನ್, ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಪಾಲಿಕ್ಲಿನಿಕ್ ಮುಂದೆ ಕರಪತ್ರ ಹಂಚುವುದೂ ಬೇಡ. ಮಾಜಿ ಸೈನಿಕರನ್ನು ಅವರ ಮನೆಯಲ್ಲೇ ಭೇಟಿ ಮಾಡಿ.

ಬೂತು

ಸೇನೆಯವರಿಗೆ ಬೂತಿನ ಕೆಲಸ ಬೇಗ ಅರ್ಥವಾಗುತ್ತದೆ, ಯಾಕೆಂದರೆ ಅದು ನಕ್ಷೆ ಮತ್ತು ಆಳುಗಳ ಲೆಕ್ಕ. ನಮ್ಮ ಕರ್ನಲ್ ಕ್ಷೇತ್ರದ ನಕ್ಷೆ ಗೋಡೆಗೆ ಹಚ್ಚಿ, ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಎಂಟು ಬಣ್ಣ ಕೊಟ್ಟು, ಒಂದೊಂದು ಬೂತಿಗೂ ಪಿನ್ ಚುಚ್ಚಿದ್ದರು. ನೋಡಲು ತುಂಬಾ ಚೆನ್ನಾಗಿತ್ತು. ತೊಂದರೆ ಏನೆಂದರೆ ಪಿನ್ ಇದ್ದ ಕಡೆ ಮನುಷ್ಯ ಇರಲಿಲ್ಲ. 1,700ರಲ್ಲಿ ಸುಮಾರು 300 ಬೂತಿಗಷ್ಟೇ ಜನ ಸಿಕ್ಕಿದರು. ಸೇನೆಯಲ್ಲಿ ಹೇಳಿದರೆ ಜನ ಬರುತ್ತಾರೆ. ಇಲ್ಲಿ "ಆಯ್ತು ಸರ್, ಬರ್ತೀನಿ" ಅಂದವನು ಅವನ ಮಾವನ ಮನೆಯ ಗೃಹಪ್ರವೇಶಕ್ಕೆ ಹೋಗಿರುತ್ತಾನೆ, ಮತ್ತು ಅದಕ್ಕೆ ನೀವು ಬೈಯುವ ಹಾಗೂ ಇಲ್ಲ.

ಈಗ ಮತ್ತೆ ಮಾಡುವುದಾದರೆ ನಾನು ಎರಡು ವರ್ಷ ಮೊದಲು ಶುರು ಮಾಡಿ, ಇಡೀ ಕ್ಷೇತ್ರ ಬಿಟ್ಟು ಎರಡು ವಿಧಾನಸಭಾ ಕ್ಷೇತ್ರ ಮಾತ್ರ ಹಿಡಿಯುತ್ತೇನೆ. ಒಂದೊಂದು ಬೂತಿಗೆ ಅಲ್ಲೇ ವೋಟಿರುವ ಇಬ್ಬರು. ಅವರ ಹತ್ತಿರ ಆ ಬೂತಿನ ಮತದಾರರ ಪಟ್ಟಿ. ವಾರಕ್ಕೆ ಹತ್ತು ಮನೆ.

ಮಾತಿನ ಬಗ್ಗೆ ಒಂದೇ ಒಂದು ಸಲಹೆ. ಇಂಜಿನಿಯರ್‌ಗಳು ಕೇಳಿದ ಪ್ರಶ್ನೆಗೆ ಪರಿಹಾರ ಹೇಳಿಬಿಡುತ್ತಾರೆ. ಒಂದು ಊರಿನಲ್ಲಿ ಒಬ್ಬ ತಾಯಿ ಬೋರ್‌ವೆಲ್ ಕೆಟ್ಟು ಮೂರು ತಿಂಗಳಾಯಿತು ಅಂದರು. ನಮ್ಮವರು ಅಂತರ್ಜಲ ಮರುಪೂರಣದ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಒಂದು ಮಾತೂ ತಪ್ಪಿರಲಿಲ್ಲ. ಆ ತಾಯಿಗೆ ಬೇಕಿದ್ದದ್ದು, ಮೂರು ತಿಂಗಳಿಂದ ನೀರು ಎಲ್ಲಿಂದ ಹೊರುತ್ತಿದ್ದೀಯಮ್ಮಾ ಅಂತ ಯಾರಾದರೂ ಕೇಳುವುದು. ಕಾರಲ್ಲಿ ಕೂತ ಮೇಲೆ ಅವರಿಗೇ ಹೊಳೆಯಿತು, ಆಮೇಲೆ ಪ್ರತಿ ಊರಲ್ಲೂ ಮೊದಲು ಕೇಳುವುದು, ಬರೆದುಕೊಳ್ಳುವುದು ಅಷ್ಟೇ ಮಾಡಿದರು. ಸ್ವಲ್ಪ ತಡವಾಗಿತ್ತು.

ಮತದಾನ, ಎಣಿಕೆ

ಇಂಜಿನಿಯರ್‌ಗಳಿಗೆ ಇವಿಎಂ ಮೇಲೆ ಬಹಳ ಆಸಕ್ತಿ. ಆಸಕ್ತಿ ಇದ್ದರೆ ಮತದಾನಕ್ಕೆ 90 ನಿಮಿಷ ಮೊದಲು ನಡೆಯುವ ಅಣಕು ಮತದಾನಕ್ಕೆ ಏಜೆಂಟರನ್ನು ಕಳಿಸಿ. ಕನಿಷ್ಠ 50 ವೋಟು ಹಾಕಿ ತಾಳೆ ನೋಡುತ್ತಾರೆ. ಏಜೆಂಟ್ ಇಲ್ಲದ ಬೂತಿನ ಬಗ್ಗೆ ಆಮೇಲೆ ಅನುಮಾನ ಹೇಳಿದರೆ ಕೇಳುವವರಿಲ್ಲ. ಸಂಜೆ ನಮೂನೆ 17ಸಿ ಪ್ರತಿ ತೆಗೆದುಕೊಳ್ಳದೆ ಅಲ್ಲಿಂದ ಏಳಬಾರದು, ಆ ಬೂತಿನಲ್ಲಿ ಒಟ್ಟು ಎಷ್ಟು ವೋಟು ಬಿದ್ದಿವೆ ಅಂತ ಇರುವುದು ಅದರಲ್ಲೇ. ಎಣಿಕೆಯ ದಿನ ಇವಿಎಂನ ಕಂಟ್ರೋಲ್ ಯೂನಿಟ್ ತೋರಿಸುವ ಸಂಖ್ಯೆಗೆ ಅದನ್ನು ಹೊಂದಿಸಿ ನೋಡಬೇಕು. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ 5 ಬೂತಿನ ವಿವಿಪ್ಯಾಟ್ (ಹಾಕಿದ ವೋಟನ್ನು ಮುದ್ರಿಸಿ ತೋರಿಸುವ ಯಂತ್ರ) ಚೀಟಿಗಳನ್ನೂ ಎಣಿಸುತ್ತಾರೆ.

ಫಾರಂಗಳ ಹೆಸರು ಗೊಂದಲ ಮಾಡುತ್ತದೆ. ಎಲೆಕ್ಷನ್ ಏಜೆಂಟ್ ನೇಮಕಕ್ಕೆ ನಮೂನೆ 8, ಪೋಲಿಂಗ್ ಏಜೆಂಟ್‌ಗೆ 10, ಎಣಿಕೆ ಏಜೆಂಟ್‌ಗೆ 18. ವೋಟರ್ ಲಿಸ್ಟಿನ ವಿಳಾಸ ತಿದ್ದುಪಡಿಗೂ ನಮೂನೆ 8 ಅಂತಲೇ ಹೆಸರು. ನಮ್ಮ ಹುಡುಗನೊಬ್ಬ ಅದನ್ನೇ ಇಪ್ಪತ್ತು ಪ್ರಿಂಟ್ ತೆಗೆದು ತಂದಿದ್ದ.

ಠೇವಣಿ ಉಳಿಯಬೇಕಾದರೆ ಸಿಂಧುವಾದ ಮತಗಳಲ್ಲಿ ಆರನೇ ಒಂದು ಪಾಲಿಗಿಂತ ಜಾಸ್ತಿ ಬೇಕು. 12 ಲಕ್ಷ ಮತ ಬಿದ್ದರೆ 2 ಲಕ್ಷ ದಾಟಬೇಕು. ಪಕ್ಷೇತರರು ಈ 25,000 ರೂಪಾಯಿಯನ್ನು ಮೊದಲ ದಿನವೇ ಖರ್ಚಿಗೆ ಬರೆದುಕೊಂಡರೆ ನಿದ್ದೆ ಚೆನ್ನಾಗಿ ಬರುತ್ತದೆ.

ಫಲಿತಾಂಶದ ನಂತರದ 30 ದಿನ

ಗೆದ್ದವರು ಮೆರವಣಿಗೆಗೆ ಹೋಗುತ್ತಾರೆ, ಸೋತವರು ಮನೆಗೆ ಹೋಗಿ ಫೋನ್ ಆಫ್ ಮಾಡುತ್ತಾರೆ. ಇಬ್ಬರಿಗೂ ಒಂದು ಕೆಲಸ ಬಾಕಿ ಇದೆ. ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಪೂರ್ತಿ ಲೆಕ್ಕ ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ಸರಿಯಾದ ಕಾರಣ ಇಲ್ಲದೆ ಕೊಡದಿದ್ದರೆ ಆಯೋಗ 3 ವರ್ಷ ಅನರ್ಹ ಮಾಡಬಹುದು, ಆಗ ಮುಂದಿನ ವಿಧಾನಸಭೆಗೂ ನಿಲ್ಲಲಾಗುವುದಿಲ್ಲ. ಸೋತ ಪಕ್ಷೇತರರು ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ.

ನಾವು 24ನೇ ದಿನ ಹೋದೆವು. ಕರ್ನಲ್ ಒಂದೊಂದು ಬಿಲ್ಲಿಗೂ ನಂಬರ್ ಹಾಕಿ, ದಾರ ಕಟ್ಟಿ, ಮೇಲೆ ಒಂದು ಸೂಚಿಪಟ್ಟಿ ಅಂಟಿಸಿದ್ದರು. ಕೌಂಟರಿನಲ್ಲಿ ಕುಳಿತಿದ್ದವರು ತಿರುವಿ ನೋಡಿ, "ಸಾರ್, ನೀವು ಆಡಿಟರ್ರಾ?" ಅಂತ ಕೇಳಿದರು. ಸ್ವೀಕೃತಿ ಚೀಟಿ ಇಸ್ಕೊಂಡೆವು. ನೀವೂ ಇಸ್ಕೊಳ್ಳಿ, ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಪಿಂಚಣಿ ಆದೇಶ (ಪಿಪಿಒ) ಇಟ್ಟಿರುವ ಫೈಲಿನಲ್ಲೇ ಇಡಿ.